ಗೂಡಿನ ಕೆಲಸಕ್ಕೆ ಗಲ್ಫಿಗೆ ಹೊರಟಿರೋ ಮಾಲೂರು ಕಡೆ ಹುಡುಗ್ರಿಗೆ

ವಾರಕ್ಕೆ ಒಬ್ರಾದ್ರೂ ಫೋನ್ ಮಾಡ್ತೀರ, ಅಣ್ಣ, ಕಿಲನ್ ಆಪರೇಟರ್‌ಗೆ, ಅಂದ್ರೆ ಹೆಂಚು, ಟೈಲ್ಸು, ಸಿಮೆಂಟ್ ಸುಡೋ ಗೂಡು ನಡೆಸೋನಿಗೆ, ಅಲ್ಲಿ ಎಷ್ಟು ಕೊಡ್ತಾರೆ ಅಂತ. ನಾನು ಒಂದು ನಂಬರ್ ಹೇಳೋದೇ ತಡ, ನೀವು ಅಲ್ಲೇ ದಿರ್ಹಮ್‌ನ, ಅಂದ್ರೆ ಇಲ್ಲಿನ ದುಡ್ಡನ್ನ, ರೂಪಾಯಿ ಮಾಡೋಕೆ ಇಪ್ಪತ್ತು ಚಿಲ್ಲರೆಯಿಂದ ಗುಣಿಸ್ಬಿಡ್ತೀರ, ಆಮೇಲೆ ಏನ್ ಹೇಳಿದ್ರೂ ಕಿವಿಗೆ ಹೋಗಲ್ಲ. ಬೈಯ್ತಿಲ್ಲ ಕಣ್ರಪ್ಪ, 2008ರಲ್ಲಿ ನಾನೂ ಹಂಗೇ ಗುಣಿಸ್ಕೊಂಡು ಎಮಿರೇಟ್ಸ್ (ಯುಎಇ) ದೇಶದ ರಾಸ್ ಅಲ್ ಖೈಮಾಕ್ಕೆ ಬಂದೋನು, ಆಗ ದಿರ್ಹಮ್‌ಗೆ ಹನ್ನೊಂದು ರೂಪಾಯಿ ಹತ್ರ ಇತ್ತು ಅಷ್ಟೆ. ಒಂದ್ಸಲ ಕೂತು ಎಲ್ಲಾ ಬರೆದುಬಿಡ್ತೀನಿ, ಇನ್ಮೇಲೆ ಕೇಳಿದೋರಿಗೆ ಇದನ್ನೇ ಕಳಿಸೋದು.

ಪಾಸ್‌ಪೋರ್ಟು, ಮೆಡಿಕಲ್ಲು, ಇನ್ಶೂರೆನ್ಸು, ಹತ್ತನೇ ಕ್ಲಾಸ್ ಪಾಸಾಗದೆ ಇರೋರಿಗೆ ಎಮಿಗ್ರೇಷನ್ ಕ್ಲಿಯರೆನ್ಸು ಅನ್ನೋ ಸರ್ಕಾರದ ಒಪ್ಪಿಗೆ, ಇದೆಲ್ಲ ಏಜೆಂಟೇ ಹೇಳ್ತಾನೆ. ಲೈಸೆನ್ಸ್ ಇರೋ ಏಜೆಂಟು 30,000 ರೂಪಾಯಿ ಮತ್ತೆ ಅದರ ಜಿಎಸ್‌ಟಿ, ಇದಕ್ಕಿಂತ ಜಾಸ್ತಿ ಸರ್ವೀಸ್ ಚಾರ್ಜ್ ತಗೊಳ್ಳಂಗಿಲ್ಲ, ರಸೀದಿ ಕೇಳಿ. ನಾನು ಕೇಳ್ಲಿಲ್ಲ. ಅಮ್ಮನ ಕಾಸಿನ ಸರ ಹೋಯ್ತು, ಅದರ ಮಾತು ಇವತ್ತಿಗೂ ನಮ್ಮನೇಲಿ ಯಾರೂ ಎತ್ತಲ್ಲ.

ಮೊದಲನೇ ತಪ್ಪು ಊರಲ್ಲೇ ಮಾಡಿದ್ದು. ಮಾಲೂರಲ್ಲಿ ಆರು ವರ್ಷ ಹೆಂಚಿನ ಫ್ಯಾಕ್ಟರಿ ಗೂಡು ಕಾದಿದೀನಿ, ನೀಲಗಿರಿ ಸೌದೆ ತುರುಕಿ ತುರುಕಿ ಕೈಮೇಲಿನ ಕೂದ್ಲೆಲ್ಲ ಸುಟ್ಟಿತ್ತು. ನಮ್ ಮೇಸ್ತ್ರಿ ತೂತಲ್ಲಿ ಒಂದ್ಸಲ ಇಣುಕಿ ನೋಡೋರು, ಬೆಂಕಿ ಇನ್ನೂ ಕೆಂಪಗಿದೆ, ಕಿತ್ತಲೆ ಬಣ್ಣಕ್ಕೆ ಬರ್ಲಿ, ಆಮೇಲೆ ಸೌದೆ ಕಮ್ಮಿ ಮಾಡು ಅನ್ನೋರು, ಥರ್ಮಾಮೀಟರೂ ಇಲ್ಲ ಏನೂ ಇಲ್ಲ, ಗೂಡು ಬಿಚ್ಚಿದ್ರೆ ಹೆಂಚು ಟಣ್ ಅಂತಿತ್ತು. ಆ ವಿದ್ಯೆ ನಂಗೂ ಬಂದಿತ್ತು. ಆದ್ರೆ ಬೆಂಗಳೂರಲ್ಲಿ ಇಂಟರ್ವ್ಯೂನಲ್ಲಿ ಸರ್ಟಿಫಿಕೇಟ್ ಎಲ್ಲಿ ಅಂದ್ರು. ಆರು ವರ್ಷಕ್ಕೆ ಒಂದು ಚೀಟಿ ಬರೆಸ್ಕೊಂಡಿರಲಿಲ್ಲ. ವೀಸಾ ಮೇಲೆ ಹೆಲ್ಪರ್ ಅಂತ ಬಂತು, ಬಂದ್ಮೇಲೆ ಮಾಡಿದ್ದು ಆಪರೇಟರ್ ಕೆಲಸ, ಸಂಬಳ ಹೆಲ್ಪರ್‌ದು, ಮೂರು ವರ್ಷ! ಅದಕ್ಕೇ ಹೇಳೋದು, ಊರು ಬಿಡೋ ಮುಂಚೆ ಲೆಟರ್‌ಹೆಡ್ ಮೇಲೆ ಎಕ್ಸ್‌ಪೀರಿಯೆನ್ಸ್ ಬರೆಸ್ಕೊಳ್ಳಿ, ಓನರ್ ಗೊಣಗಿದ್ರೂ ಬಿಡಬೇಡಿ. ಐಟಿಐ ಮಾಡಿದ್ರೆ, ಅದ್ರಲ್ಲೂ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಆದ್ರೆ, ಮಾತೇ ಬೇರೆ.

ಈಗ ಅಸಲು ವಿಷಯ. ನಂಗೆ ಹೇಳಿದ್ದು ತಿಂಗಳಿಗೆ 2,200 ದಿರ್ಹಮ್. ಒಳಗೆ ಬಿಡಿಸಿ ನೋಡಿದ್ರೆ ಬೇಸಿಕ್, ಅಂದ್ರೆ ಮೂಲ ಸಂಬಳ, 900, ಮಿಕ್ಕಿದ್ದೆಲ್ಲ ಅಲೋಯೆನ್ಸು. ನಾನು ಸೈನ್ ಹಾಕ್ದಾಗ ಕೆಳಗಿನ ಟೋಟಲ್ ಒಂದೇ ನೋಡಿದ್ದು, ದಿನಸಿ ಅಂಗಡಿ ಬಿಲ್ ನೋಡ್ದಂಗೆ. ನನ್ ಜೊತೆ ಬಂದ ತಿರುವಳ್ಳೂರು ಕಡೆ ತಮಿಳು ಹುಡುಗಂಗೂ ಅದೇ 2,200, ಆದ್ರೆ ಅವ್ನು ಜಗಳ ಆಡಿ ಬೇಸಿಕ್ 1,500 ಹಾಕಿಸ್ಕೊಂಡಿದ್ದ. ನಾನು ನಗ್ತಿದ್ದೆ, ಕೈಗೆ ಬರೋದು ಒಂದೇ ತಾನೆ, ಇವ್ನಿಗ್ಯಾಕೆ ಈ ತಕರಾರು ಅಂತ.

ಲೆಕ್ಕ ಮಾಡಿ ನೋಡಿ. ಇಲ್ಲಿ ಓಟಿ, ಅದೇ ಓವರ್‌ಟೈಮು, ಅಂದ್ರೆ ಬೇಸಿಕ್ ಮೇಲೆ ಶೇಕಡ 25 ಜಾಸ್ತಿ. ನನ್ 900ನ ಮೂವತ್ತು ದಿನ ಎಂಟು ಗಂಟೆಗೆ ಭಾಗಿಸಿದ್ರೆ ಗಂಟೆಗೆ 3.75, ಓಟಿ ಸೇರಿ 4.69. ಅವ್ನಿಗೆ 7.81. ಒಂದೇ ಕಿಲನ್ನು, ಒಂದೇ ಶೆಕೆ, ತಿಂಗಳಿಗೆ ಐವತ್ತು ಗಂಟೆ ಓಟಿ ಮಾಡಿದ್ರೆ ನಂಗೆ 234, ಅವ್ನಿಗೆ 390. ಗ್ರಾಚುಟಿ, ಅಂದ್ರೆ ಕೆಲಸ ಬಿಡೋವಾಗ ಕೊಡೋ ದುಡ್ಡೂ, ಬೇಸಿಕ್ ಮೇಲೇ, ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ್ದು, ಆಮೇಲೆ ವರ್ಷಕ್ಕೆ 30 ದಿನದ್ದು. ಆರು ವರ್ಷಕ್ಕೆ ಇಬ್ರೂ ಆ ಕಂಪನಿ ಬಿಟ್ವಿ, ನಂಗೆ ಬಂದಿದ್ದು 4,050, ಅವ್ನಿಗೆ 6,750. ಅವ್ನು ಆ ದುಡ್ಡಲ್ಲಿ ಊರಲ್ಲಿ ಬೋರ್ ಹಾಕಿಸ್ದ. ನಂಗೆ ಟಿಕೆಟ್ಟು, ತಂಗಿ ಸೀಮಂತ, ಮುಗೀತು.

ಇದಲ್ದೆ ಆಫರ್ ಲೆಟರ್ ಈಗ ಹಿಂದಿ, ಮಲಯಾಳಂ, ತಮಿಳಲ್ಲೂ ಸಿಗತ್ತೆ, ಕನ್ನಡದಲ್ಲಿ ಇಲ್ಲ. ಅರ್ಥ ಆಗ್ಲಿಲ್ಲ ಅಂದ್ರೆ ಫೋಟೋ ತೆಗೆದು ಯಾರಿಗಾದ್ರೂ ಕಳಿಸಿ, ಸೈನ್ ಹಾಕೋಕ್ ಮುಂಚೆ. ಹಾಕಿದ್ಮೇಲೆ ಕಳಿಸ್ತೀರ ನೀವು, ನಂಗೊತ್ತು.

ನೈಟ್ ಶಿಫ್ಟ್ ಬಗ್ಗೆ ಇನ್ನೊಂದು. ರಾತ್ರಿ ಹತ್ತರಿಂದ ಬೆಳಗಿನ ಜಾವ ನಾಲ್ಕರ ತನಕ ಓಟಿ ಮಾಡಿದ್ರೆ ಶೇಕಡ 50 ಅಂತ ಕಾನೂನಲ್ಲಿದೆ, ಅದನ್ನ ಓದಿ ನಾನು ಕುಣಿದಾಡ್ಬಿಟ್ಟೆ. ಅದರ ಕೆಳಗಿನ ಸಾಲು ಓದ್ಲಿಲ್ಲ, ಶಿಫ್ಟ್ ಮೇಲೆ ದುಡಿಯೋರಿಗೆ ಅದು ಅನ್ವಯ ಆಗಲ್ಲ. ಕಿಲನ್ ಅಂದ್ರೇನೇ ಶಿಫ್ಟು, ಅದು ಯಾವತ್ತಪ್ಪ ಆರತ್ತೆ? ಬೇಸಿಗೆ ಮಧ್ಯಾಹ್ನದ ರಜಾನೂ ಹಂಗೇ, ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಹನ್ನೆರಡೂವರೆಯಿಂದ ಮೂರು ಗಂಟೆ ತನಕ ಬಿಸಿಲಲ್ಲಿ ಕೆಲಸ ಮಾಡಿಸಂಗಿಲ್ಲ. ನೀವು ಇರೋದು ಶೆಡ್ ಒಳಗೆ, ಬಿಸಿಲಿಲ್ಲ, ಬರೀ 1,200 ಡಿಗ್ರಿ ಬೆಂಕಿ ಪಕ್ಕದಲ್ಲಿದೆ ಅಷ್ಟೆ!

ದೇಶ ದೇಶಕ್ಕೆ ಲೆಕ್ಕ ಬೇರೆ, ಅದಕ್ಕೇ ಬರೀ ನಂಬರ್ ಪಕ್ಕ ಪಕ್ಕ ಇಟ್ಟು ನೋಡಬೇಡಿ. ಸೌದೀಲಿ ಓಟಿಗೆ ಗಂಟೆ ಸಂಬಳದ ಜೊತೆ ಬೇಸಿಕ್‌ನ ಅರ್ಧ, ಕೊನೇಲಿ ಕೊಡೋ ದುಡ್ಡೂ ಬರೀ ಬೇಸಿಕ್ ಮೇಲಲ್ಲ, ಕೊನೇ ಸಂಬಳದ ಮೇಲೆ, ಹಂಗಾಗಿ ಅಲ್ಲಿ ನೂರು ರಿಯಾಲ್ ಕಮ್ಮಿ ಅಂದ್ರೂ ಯೋಚನೆ ಮಾಡ್ಬೋದು. ಕತಾರಲ್ಲಿ 2021ರ ಮಾರ್ಚಿಂದ ಕನಿಷ್ಠ ಬೇಸಿಕ್ 1,000 ರಿಯಾಲ್, ಕಂಪನಿ ರೂಮ್ ಕೊಡ್ದಿದ್ರೆ 500, ಊಟ ಕೊಡ್ದಿದ್ರೆ 300 ಮೇಲೆ. ಇಲ್ಲಿ ಎಮಿರೇಟ್ಸಲ್ಲಿ ನಮ್ಮಂಥೋರಿಗೆ ಅಂಥ ಕನಿಷ್ಠ ಅಂತ ಇಲ್ಲ, ಬಾಯಿದ್ದೋನು ಬದುಕ್ದ. ಇನ್ನು ಕೆಲವರು ಫೋನಲ್ಲಿ ಅಮೆರಿಕದ್ದು ನೋಡಿ, ಅಣ್ಣ ಅಲ್ಲಿ ಗಂಟೆಗೆ ಇಷ್ಟು ಡಾಲರ್ ಅಂತೆ ಅಂತೀರ. ಅಲ್ಲೂ ರಾಜ್ಯ ರಾಜ್ಯಕ್ಕೆ ಬೇರೆ, ಕೇಂದ್ರದ ಕನಿಷ್ಠ 2009ರಿಂದ ಗಂಟೆಗೆ 7.25 ಡಾಲರಲ್ಲೇ ನಿಂತಿದೆ, ಟೆಕ್ಸಾಸಲ್ಲಿ ಅದೇ, ಕ್ಯಾಲಿಫೋರ್ನಿಯಾದಲ್ಲಿ ಅದರ ಎರಡರಷ್ಟಕ್ಕಿಂತ ಜಾಸ್ತಿ, ಮನೆ ಬಾಡಿಗೆನೂ ಹಂಗೇ ಏರತ್ತೆ. ಮೇಲಾಗಿ ಆ ಡಾಲರ್ ಟ್ಯಾಕ್ಸ್ ಕತ್ತರಿಸೋ ಮುಂಚಿಂದು. ಗೂಡಿನ ಕೆಲಸಕ್ಕೆ ಅಂತ ನಮಗೆ ಅಲ್ಲಿಗೆ ವೀಸಾ ಸಿಗೋದು ಸುಲಭ ಅಂತ ಯಾರಾದ್ರೂ ದುಡ್ಡು ಕೇಳಿದ್ರೆ ಚಪ್ಲಿ ಹಾಕ್ಕೊಂಡು ಎದ್ದು ಬನ್ನಿ. ನಗು ಬರೋ ವಿಷಯ ಏನಪ್ಪಾಂದ್ರೆ, ಓಟಿಗೆ ಡಬಲ್ ಕೊಡಬೇಕು ಅಂತ ಕಾನೂನಿರೋದು ನಮ್ ದೇಶದಲ್ಲೇ. ಮಾಲೂರಲ್ಲಿ ಆರು ವರ್ಷದಲ್ಲಿ ನಾನಂತೂ ಆ ಡಬಲ್ ಮುಖ ನೋಡ್ಲಿಲ್ಲ.

ಯಾವ ಕಿಲನ್ ಅನ್ನೋದೂ ಮುಖ್ಯ. ಟೈಲ್ಸ್ ರೋಲರ್ ಕಿಲನ್ನಲ್ಲಿ ಟೈಲ್ ಒಂದು ಕಡೆ ಹೋದ್ರೆ ಗಂಟೆ ಒಳಗೆ ಇನ್ನೊಂದು ಕಡೆ ಬರತ್ತೆ, ರೋಲರ್ ಮುರೀತು ಅಂದ್ರೆ ಓಡ್ಬೇಕು, ಕಲಿಯೋದು ಬೇಗ, ಅಷ್ಟೇ ಬೇಗ ನಿಮ್ ಜಾಗಕ್ಕೆ ಇನ್ನೊಬ್ಬ ಸಿಗ್ತಾನೆ. ಸಿಮೆಂಟ್ ಕಿಲನ್ ಬೇರೆ ಪ್ರಾಣಿ, ಒಳಗೆ 1,450 ಡಿಗ್ರಿ, ಆ ಉದ್ದದ ಕೊಳವೆ ಹಗಲೂ ರಾತ್ರಿ ಉರುಳ್ತಾನೇ ಇರತ್ತೆ, ನಿಂತ್ರೆ ಲಕ್ಷಾಂತರ ನಷ್ಟ, ಅದಕ್ಕೇ ಕಂಟ್ರೋಲ್ ರೂಮಲ್ಲಿ ಕೂತು ನಡೆಸೋನಿಗೆ ಬೆಲೆ. ಹೊರಗಡೆ ಸುತ್ತೋನಿಗೂ ಒಳಗೆ ಕೂರೋನಿಗೂ ನಮ್ ಪ್ಲಾಂಟಲ್ಲಿ ಸಂಬಳ ಎರಡೂವರೆ ಪಟ್ಟು ವ್ಯತ್ಯಾಸ. ನಾನು ಆ ಕುರ್ಚಿಗೆ ಬಂದಿದ್ದು ಒಂಬತ್ತನೇ ವರ್ಷಕ್ಕೆ, ಡ್ಯೂಟಿ ಮುಗಿದ್ಮೇಲೆ ಗುಜರಾತಿನ ಒಬ್ಬ ಹಿರಿಯ ಆಪರೇಟರ್ ಪಕ್ಕ ನಿಂತು ನಿಂತು ಕಲಿತೆ. ಪರದೆ ಮೇಲೆ ನೂರಾರು ನಂಬರ್ ಇದ್ರೂ ಅವ್ನು ಕೊನೇಗೆ ನೋಡ್ತಿದ್ದಿದ್ದು ಕ್ಯಾಮೆರಾದಲ್ಲಿ ಬೆಂಕಿ ಬಣ್ಣನೇ. ಅವತ್ತು ನಮ್ ಮೇಸ್ತ್ರಿ ನೆನಪಾಗಿ ಗಂಟಲು ಕಟ್ತು.

ಆ ಕುರ್ಚಿ ಸಿಕ್ಮೇಲೇ ಹೆಂಡ್ತಿ ಮಗನ್ನ ಕರೆಸ್ಕೊಂಡಿದ್ದು. ಸಂಸಾರ ಕರೆಸ್ಕೊಳ್ಳೋಕೆ 4,000 ದಿರ್ಹಮ್ ಸಂಬಳ ಇರ್ಬೇಕು, ಇಲ್ಲಾ 3,000 ಜೊತೆ ಕಂಪನಿ ಮನೆ. ಹಂಗಾಗಿ ನಿಮ್ ಸಂಬಳದ ನಂಬರ್ ಬರೀ ದುಡ್ಡಲ್ಲ, ಮಗು ಅಪ್ಪನ್ನ ಫೋನಲ್ಲಿ ನೋಡತ್ತಾ ಎದುರಿಗೆ ನೋಡತ್ತಾ ಅನ್ನೋದೂ ಅದರಲ್ಲೇ ಇದೆ. ನನ್ ಮಗ ಆರು ವರ್ಷದೋನು ಬಂದ, ಮೊದಲ ವಾರ ನನ್ನ ಅಂಕಲ್ ಅಂದ.

ಈಗ ಹದಿನಾಲ್ಕು. ಸ್ಕೂಲಲ್ಲಿ ಹಿಂದಿ, ಅರಬ್ಬಿ ಇದೆ, ಕನ್ನಡ ಇಲ್ಲ. ದುಬೈಯಲ್ಲಿ ನಮ್ಮೋರು ಕನ್ನಡ ಪಾಠಶಾಲೆ ನಡೆಸ್ತಾರೆ, ಇಲ್ಲಿಂದ ನೂರು ಕಿಲೋಮೀಟರ್ ಹತ್ರ, ನಂಗೆ ವಾರದ ರಜಾ ಬರೋ ದಿನ ಅವರದ್ದಿಲ್ಲ, ಅವರದ್ದಿರೋ ದಿನ ನಂಗೆ ಶಿಫ್ಟು. ಇದು ನೆಪ ಅಂತ ಹೆಂಡ್ತಿ ಅಂತಾಳೆ, ಇರ್ಬೋದು. ಹೋದ ವರ್ಷ ಊರಿಗೆ ಹೋದಾಗ ನಾನು ದುಡಿದ ಫ್ಯಾಕ್ಟರಿ ತೋರಿಸ್ದೆ, ಗೂಡು ಆರಿ ಎಷ್ಟೋ ದಿನ ಆಗಿತ್ತು, ಒಳಗೆ ಮೇಕೆ ಮಲಗಿದ್ವು. ಇದೇ ಗೂಡು ಅಂದೆ. ಯಾವ ಹಕ್ಕೀದು ಅಂತ ಕೇಳ್ದ. ತಪ್ಪಲ್ಲ, ಪುಸ್ತಕದ ಕನ್ನಡದಲ್ಲಿ ಗೂಡು ಅಂದ್ರೆ ಹಕ್ಕೀದೇ.

ಹಬ್ಬದ ದಿನ ರಜಾ ಸಿಗತ್ತೆ ಅಂತ ಆಸೆ ಇಟ್ಕೋಬೇಡಿ, ನಾನು ಹದಿನೇಳು ಯುಗಾದೀಲಿ ನಾಲ್ಕು ಮನೇಲಿ ಮಾಡಿದೀನಿ. ಆಯುಧಪೂಜೆಗೆ ಪ್ಯಾನಲ್ ಕೆಳಗೆ ಯಾರಿಗೂ ಕಾಣದಂಗೆ ಒಂದು ಚುಕ್ಕಿ ಕುಂಕುಮ ಇಡ್ತೀನಿ, ನಮ್ ಗುಜರಾತಿಯವನಿಗೂ ಗೊತ್ತು, ನೋಡಿದ್ರೂ ನೋಡ್ದಂಗಿರ್ತಾನೆ.

ಕೊನೇದಾಗಿ ಲಗೇಜು. ರಾಗಿ ಹಿಟ್ಟು ಹೊತ್ಕೊಂಡು ಬರಬೇಡಿ, ಇಲ್ಲೇ ಮಲಯಾಳಿ ಅಂಗಡೀಲಿ ಸಿಗತ್ತೆ. ಹಿದಕಿದ ಅವರೆಬೇಳೆ ಒಣಗಿಸಿದ್ದಿದ್ರೆ ತನ್ನಿ. ಮುದ್ದೆ ಕೋಲು ಇನ್ನೂ ಎಲ್ಲೂ ಕಂಡಿಲ್ಲ, ನಂದು ಮುರಿದು ಎರಡು ತಿಂಗಳಾಯ್ತು, ಸ್ಟೀಲ್ ಸೌಟಲ್ಲಿ ತಿರುವ್ತಿದೀನಿ, ಗಂಟು ಗಂಟು. ಯಾರು ಮೊದ್ಲು ಬರ್ತೀರೋ ಅವ್ರು ಎರಡು ತನ್ನಿ.