ಸೆಲ್ಫ್ ಟೆಸ್ಟ್ ಪಾಸ್, ಬಿಸಿಯಾದರೆ ಲಿಂಕ್ ಢಮಾರ್: ನನ್ನ ಅನುಭವ

ಸಿಲಿಕಾನ್ ಫೋಟಾನಿಕ್ಸ್ ಟ್ರಾನ್ಸೀವರ್ (ಸಿಲಿಕಾನ್ ಚಿಪ್‌ನಿಂದ ಡೇಟಾವನ್ನು ಬೆಳಕಾಗಿ ಫೈಬರ್‌ಗೆ ಕಳಿಸುವ, ಬಂದದ್ದನ್ನು ಓದುವ ಸಾಧನ) ಒಂದು ನನ್ನನ್ನು ಚೆನ್ನಾಗಿ ಆಟ ಆಡಿಸಿತು. ಆನ್ ಮಾಡಿದಾಗ ಸೆಲ್ಫ್ ಟೆಸ್ಟ್ ಪಾಸ್. ಚಿಪ್ ಬಿಸಿಯಾಗುತ್ತಿದ್ದಂತೆ ಬಿಟ್ ಎರರ್‌ಗಳ ಸುರಿಮಳೆ. ಫೈಬರ್ ತುದಿ ಒರೆಸಿದ್ದಾಯ್ತು, ಕೇಬಲ್ ಬದಲಿಸಿದ್ದಾಯ್ತು. ಉಹೂಂ.

ಟೆಸ್ಟ್ ಸಿಗ್ನಲ್ ಹೋಗುವ ದಾರಿ ನೋಡಿದ ಮೇಲೆ ಸುಳಿವು ಸಿಕ್ಕಿತು. ಪಿಆರ್‌ಬಿಎಸ್31 ಎಂಬ ಟೆಸ್ಟ್ ಬಿಟ್‌ಗಳ ಪ್ಯಾಟರ್ನ್ ಎಲೆಕ್ಟ್ರಿಕಲ್ ಲೂಪ್‌ಬ್ಯಾಕ್‌ನಲ್ಲೇ, ಅಂದರೆ ವಿದ್ಯುತ್ ಭಾಗದೊಳಗೇ, ತಿರುಗಿ ವಾಪಸ್ ಬರುತ್ತಿತ್ತು. ಬೆಳಕಿನ ಭಾಗದ ತಂಟೆಗೇ ಹೋಗುತ್ತಿರಲಿಲ್ಲ! ಇಂಥ ಟೆಸ್ಟ್ ಪಾಸಾದರೆಷ್ಟು, ಬಿಟ್ಟರೆಷ್ಟು, ಅಲ್ವಾ?

ಅಸಲಿ ತೊಂದರೆ ಇದ್ದದ್ದು ರಿಂಗ್ ಮಾಡ್ಯುಲೇಟರ್‌ನಲ್ಲಿ, ಅಂದರೆ ಲೇಸರ್ ಬೆಳಕಿನ ಮೇಲೆ ಡೇಟಾ ಮೂಡಿಸುವ ಪುಟ್ಟ ಉಂಗುರದಲ್ಲಿ. ಸಿಲಿಕಾನ್ ರಿಂಗಿನ ರೆಸೊನೆನ್ಸ್ (ರಿಂಗ್ ಹಿಡಿದುಕೊಳ್ಳುವ ತರಂಗಾಂತರ; ಇಂಥವು ಹಲವಿರುತ್ತವೆ) ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.07 ನ್ಯಾನೊಮೀಟರ್ ಸರಿಯುತ್ತದೆ. ಅದನ್ನು ಲೇಸರ್ ತರಂಗಾಂತರಕ್ಕೆ ಹೊಂದಿಸಿ ಹಿಡಿಯೋದು, ಅಂದರೆ ಲಾಕ್ ಮಾಡೋದು, ರಿಂಗಿನ ಪುಟ್ಟ ಹೀಟರ್. ಆದರೆ ಹೀಟರ್ ಬಿಸಿ ಮಾಡಬಲ್ಲದು, ತಣ್ಣಗೆ ಮಾಡಲಾರದು. ನಮ್ಮ ಚಿಪ್ ತಣ್ಣಗಿದ್ದಾಗ ತೀರಾ ಕಡಿಮೆ ಹೀಟರ್ ಪವರ್‌ನಲ್ಲಿ ಲಾಕ್ ಆಗುತ್ತಿತ್ತು. ಚಿಪ್ ಬಿಸಿಯಾದಂತೆ ಪವರ್ ಇಳಿದು ಸೊನ್ನೆಗೆ ಬಂತು. ಅಲ್ಲಿಗೆ ಲಾಕ್ ತಪ್ಪಿತು.

ಈಗ ಸೆಲ್ಫ್ ಟೆಸ್ಟ್ ಹೀಟರ್ ಪವರನ್ನು ಮೆಲ್ಲಗೆ ಏರಿಸುತ್ತಾ, ಡ್ರಾಪ್ ಪೋರ್ಟಿನ (ರಿಂಗ್ ಹಿಡಿದ ಬೆಳಕು ಹೊರಬರುವ ದಾರಿ) ಮಾನಿಟರ್ ಫೋಟೊಡಯೋಡ್ (ಬೆಳಕು ಅಳೆಯುವ ಸೆನ್ಸರ್) ಕರೆಂಟ್ ಓದುತ್ತದೆ. ಕರೆಂಟ್ ಏರಿದ ಕಡೆ ರೆಸೊನೆನ್ಸ್. ಮೊದಲು ಸಿಕ್ಕಿದ್ದಕ್ಕೆ ಸುಮ್ನೆ ಅಂಟಿಕೊಳ್ಳದೆ, ಇಳಿಸಲು ಸಾಕಷ್ಟು ಪವರ್ ಉಳಿಯುವ ಮುಂದಿನ ರೆಸೊನೆನ್ಸ್‌ಗೆ ಲಾಕ್ ಮಾಡುತ್ತದೆ. ಹೀಟರ್ ಕರೆಂಟ್ ಸ್ವಲ್ಪ ಜಾಸ್ತಿ ತಿನ್ನುತ್ತದೆ, ಅಷ್ಟೇ. ಬಿಸಿ ಚೇಂಬರ್‌ನಲ್ಲೂ ಲಿಂಕ್ ಅಲುಗಾಡಲಿಲ್ಲ.