ಟು-ಹಿಟ್ ರೋಲ್ ಕಿತ್ತುಹಾಕಿದೆ, ಕಾಳಗ ಇಪ್ಪತ್ತೇ ನಿಮಿಷ

ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ನಮ್ಮ ರೋಲ್-ಪ್ಲೇಯಿಂಗ್ ಆಟದ ಎರಡನೇ ಆವೃತ್ತಿಯಲ್ಲಿ ಟು-ಹಿಟ್ ರೋಲ್ (ಏಟು ತಾಗಿತೋ ಇಲ್ಲವೋ ಎಂದು ನೋಡಲು ಹಾಕುವ ಡೈಸ್) ಇಲ್ಲ. ಕತ್ತಿ ಬೀಸಿದರೆ ತಾಗಿತು ಅಂತಲೇ ಲೆಕ್ಕ, ಡೈಸ್ ಹಾಕುವುದು ಎಷ್ಟು ತಾಗಿತು ಅಂತ ನೋಡಲಿಕ್ಕೆ ಮಾತ್ರ. ಮಣಿಪಾಲದ ಗುಂಪಿಗೆ ಇದನ್ನು ಹೇಳಿದಾಗ ಚೆನ್ನಾಗಿ ನಕ್ಕಿದ್ದರು. “ತಪ್ಪಿಸಿಕೊಳ್ಳುವ ಗಮ್ಮತ್ತೇ ಹೋಯ್ತಲ್ಲ ಮಾರಾಯ, ಇದೆಂತ ಕಾಳಗ?” ಈಗ ಅದೇ ಗುಂಪು ಶನಿವಾರ ರಾತ್ರಿ ಇದೇ ನಿಯಮದಲ್ಲಿ ಆಡುತ್ತಾ ಉಂಟು.

ಮೊದಲ ಆವೃತ್ತಿ ಗೊತ್ತಿದ್ದವರಿಗೆ ಗೊತ್ತು: ಅಬ್ಬಕ್ಕನ ಕಾಲದ ಉಳ್ಳಾಲ, ಕಾಳಗದ ಅಧ್ಯಾಯವೇ ಮೂವತ್ತು ಪುಟದ ಹತ್ತಿರ. ಆಡುವವರು ಐದು ಜನ, ಎದುರು ಎಂಟು ಪೋರ್ಚುಗೀಸ್ ಸಿಪಾಯಿಗಳು ಅಂದರೆ ಒಂದೂವರೆ ಗಂಟೆ. ಹಂಪನಕಟ್ಟೆಯಲ್ಲಿ ಮುನ್ನೂರು ಪ್ರತಿ ಪ್ರಿಂಟ್ ಹಾಕಿಸಿದ್ದಕ್ಕೆ ಮೂವತ್ತೈದು ಸಾವಿರ ಚಿಲ್ಲರೆ ಹೋಯಿತು. ಅರ್ಧದಷ್ಟು ಕಟ್ಟು ಇನ್ನೂ ಅಟ್ಟದ ಮೇಲೆಯೇ.

ಸುಲಭ ಮಾಡಲು ಹೊರಟಾಗ ಮೊದಲು ಹಿಟ್ ಪಾಯಿಂಟ್ (ಸಾಯುವ ಮೊದಲು ಪಾತ್ರ ಎಷ್ಟು ಏಟು ತಾಳುತ್ತದೆ ಎಂಬ ಅಂಕ) ಅರ್ಧಕ್ಕೆ ಇಳಿಸಿ ನೋಡಿದೆ. ಕಾಳಗ ಬೇಗ ಮುಗಿಯಿತು ನಿಜ, ಆದರೆ ಎರಡನೇ ರೌಂಡಿಗೇ ಇಬ್ಬರು ಸತ್ತು ಮೊಬೈಲ್ ನೋಡುತ್ತಾ ಕೂತರು. ಆಮೇಲೆ ಇನಿಶಿಯೇಟಿವ್‌ಗೆ, ಅಂದರೆ ಯಾರ ಸರದಿ ಮೊದಲು ಅಂತ ನೋಡಲಿಕ್ಕೆ, ಇಸ್ಪೀಟು. ಜುಲೈ ಮಳೆಗೆ ಎಲೆಗಳೆಲ್ಲ ಅಂಟಿಕೊಂಡು ಕಲಸಲಿಕ್ಕೇ ಬರಲಿಲ್ಲ. ನಡುವೆ ಒಂದು ಹುಚ್ಚು ಹತ್ತಿತು, ಚೆನ್ನೆಮಣೆಯದ್ದು. 14 ಗುಳಿ, ಗುಳಿಗೆ ನಾಲ್ಕು ಕಾಯಿ. ಬಿತ್ತುತ್ತಾ ಹೋಗಿ ಕೊನೆಯ ಕಾಯಿ ಯಾರ ಗುಳಿಗೆ ಬೀಳುತ್ತದೋ ಅವರ ಸರದಿ. ನೋಡಲಿಕ್ಕೆ ಭಾರೀ ಚಂದ. ಆದರೆ ಆಟಿ ತಿಂಗಳಲ್ಲಿ ಅಜ್ಜಿಯ ಜೊತೆ ಆಡಿ ಪಳಗಿದವಳೊಬ್ಬಳು ಕಾಯಿ ಎಣಿಸಿ ಎಣಿಸಿ ಪ್ರತಿ ಸಲ ಸರದಿ ತನಗೇ ಬರುವ ಹಾಗೆ ಮಾಡಿಕೊಂಡಳು. ಉಳಿದವರಿಗೆ ಕತ್ತಿ ಎತ್ತಲಿಕ್ಕೇ ಆಗಲಿಲ್ಲ! ಮಣೆ ಈಗ ಹಿಟ್ ಪಾಯಿಂಟ್ ಎಣಿಸಲಿಕ್ಕೆ ಉಂಟು, ಅದಕ್ಕೆ ಒಳ್ಳೆಯದಾಗುತ್ತದೆ.

ಕೊನೆಗೆ ಕೈ ಹಿಡಿದದ್ದು ಲೆಕ್ಕ. ಹಳೆಯದರಲ್ಲಿ ಡಿ20ಯಲ್ಲಿ (ಇಪ್ಪತ್ತು ಮುಖದ ಡೈಸ್; ಡಿ8, ಡಿ6 ಅಂದರೆ ಎಂಟು, ಆರು ಮುಖದವು) 10 ಅಥವಾ ಮೇಲೆ ಬಿದ್ದರೆ ಏಟು, ಅಂದರೆ ನೂರಕ್ಕೆ 55. ಡ್ಯಾಮೇಜು ಡಿ8, ಸರಾಸರಿ 4.5. ಗುಣಿಸಿದರೆ ಸರದಿಗೆ ಸುಮಾರು 2.5. ಈಗ ಡಿ6 ಒಂದೇ ಹಾಕಿ ಎದುರಾಳಿಯ ಕವಚ 1 ಕಳೆಯಿರಿ: ಸರಾಸರಿ ಅದೇ 2.5. ಆದರೆ ಮೊದಲು ನೂರಕ್ಕೆ 45 ಸರದಿ ಸೊನ್ನೆ, ಈಗ ಆರರಲ್ಲಿ ಒಂದು. ಡೈಸ್ ಹಾಕುವುದೂ ಒಂದೇ ಸಲ. ಇಷ್ಟನ್ನು ಕಾಗದದ ಮೇಲೆ ತೋರಿಸಿದ ಮೇಲೆ ಮಣಿಪಾಲದವರ ನಗು ನಿಂತಿತು. ಹೊರಗಿನ ಕೆಲವು ಚಿಕ್ಕ ಆಟಗಳಲ್ಲಿ ಟು-ಹಿಟ್ ಮೊದಲೇ ಬಿಟ್ಟಿದ್ದಾರೆ. ಕವಚದ ಈ ಹೊಂದಾಣಿಕೆ ಮಾತ್ರ ನಾನೇ ಕೂತು ಮಾಡಿದ್ದು.

ಸಿಕ್ಕಿಬಿದ್ದದ್ದು ಕಬ್ಬಿಣದ ಕವಚದಲ್ಲಿ. ಕವಚ 3 ಕೊಟ್ಟರೆ ಸರದಿಯ ಸರಾಸರಿ 1ಕ್ಕೆ ಇಳಿಯುತ್ತದೆ, ಅರ್ಧಕ್ಕರ್ಧ ಸರದಿ ಸೊನ್ನೆ. ಒಬ್ಬ ಕ್ಯಾಪ್ಟನ್ನನ್ನು ಬೀಳಿಸಲು ಮಣಿಪಾಲದವರು ಕಾಫಿ ಮುಗಿಸಿ ಇನ್ನೊಂದು ಕಾಫಿ ಮಾಡಿಕೊಂಡರು. ಅದಕ್ಕೆ ಹಾಕಿದ ಮದ್ದು: 6 ಬಿದ್ದರೆ ಕವಚದ ಒಂದು ಅಂಕ ಹರಿಯುತ್ತದೆ. ಅಲ್ಲಿಂದ ಪ್ರತಿ 6ಕ್ಕೂ ಮೇಜಿನ ಸುತ್ತ ಕೂಗು.

“ಹಳೇ ಆಟಗಾರರು ಒಪ್ಪುವುದಿಲ್ಲ” ಎಂದವರಿಗೆ ನಾನು ಹೇಳುವುದಿಷ್ಟು. ಈ ಬಗೆಯ ಆಟಗಳಿಗೆಲ್ಲ ಹಿರಿಯಣ್ಣನಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಆಟದವರೇ 2000ದ ಮೂರನೇ ಆವೃತ್ತಿಯಲ್ಲಿ ಥ್ಯಾಕೊ (ಏಟು ತಾಗಲು ಎಷ್ಟು ಬೀಳಬೇಕು ಅಂತ ಕಳೆದು ನೋಡುವ ಹಳೇ ಲೆಕ್ಕ) ತೆಗೆದರು. 2014ರ ಐದನೆಯದರಲ್ಲಿ ಸಣ್ಣಪುಟ್ಟ ಕೂಡು-ಕಳೆಗಳನ್ನು ಬಹಳಷ್ಟು ಬಿಟ್ಟು, ಎರಡು ಡಿ20 ಹಾಕಿ ದೊಡ್ಡದೋ ಚಿಕ್ಕದೋ ತೆಗೆದುಕೊಳ್ಳಿ ಎಂದರು. ಆಟವೇನೂ ಮುಳುಗಲಿಲ್ಲವಲ್ಲ.

ದುಡ್ಡಿನ ವಿಷಯದಲ್ಲೂ ಲಾಭವೇ. ಏಳು ಡೈಸಿನ ಒಂದು ಸೆಟ್ ತರಿಸಲು ಐನೂರು ಆಗುತ್ತಿತ್ತು. ಈಗ ರಥಬೀದಿಯ ಅಂಗಡಿಯ ಲೂಡೋ ಡೈಸ್ ಸಾಕು. ಕಾಳಗದ ಅಧ್ಯಾಯ ಎಂಟೊಂಬತ್ತು ಪುಟಕ್ಕೆ ಇಳಿದು ಪ್ರತಿಯ ಖರ್ಚು ಎಪ್ಪತ್ತರ ಆಸುಪಾಸು. ಈ ಸಲ ನೂರೇ ಪ್ರತಿ.

ಮೂವರು ಸೇರಿ ಒಬ್ಬನ ಮೇಲೆ ಬಿದ್ದಾಗ ಏನು ಮಾಡುತ್ತೇನೆ, ಸಿಪಾಯಿಗಳು ಯಾವಾಗ ಓಡುತ್ತಾರೆ, ಇವೆರಡನ್ನು ಇಲ್ಲಿ ಬರೆಯುವುದಿಲ್ಲ. ಇಪ್ಪತ್ತು ನಿಮಿಷದ ಗುಟ್ಟು ಅರ್ಧ ಅಲ್ಲೇ ಉಂಟು, ಪುಸ್ತಕ ಕೊಂಡವರು ನೋಡಿಕೊಳ್ಳಲಿ. ಹಡಗಿನ ಕಾಳಗ ಮಾತ್ರ ಇನ್ನೂ ಹಳೇ ನಿಯಮದಲ್ಲೇ ಉಂಟು. ಅದಕ್ಕೆ ಕೈ ಹಾಕುವುದು ಮಳೆ ಬಿಟ್ಟ ಮೇಲೆ.