ಕಾರವಾರದ ಮಳೆಗಾಲದಲ್ಲಿ ಹೆಲಿಸೀನ್ ಮಾಡಿದ್ದು

ಆರು ಇಂಗಾಲಗಳ ಬೆಂಜೀನ್ ಉಂಗುರಗಳನ್ನು ಒಂದೇ ಕಡೆಗೆ ಬಾಗಿಸುತ್ತಾ ಜೋಡಿಸಿದರೆ ಆರನೆಯದಕ್ಕೆ ಜಾಗವೇ ಉಳಿಯುವುದಿಲ್ಲ. ಚಕ್ಕುಲಿ ಒತ್ತುವಾಗ ತುದಿ ಮೊದಲ ಸುತ್ತಿನ ಮೇಲೆ ಹತ್ತಿ ಕೂರುತ್ತದಲ್ಲ, ಹಾಗೆ ಅದು ಮೇಲಕ್ಕೇರುತ್ತದೆ. ಎಡಕ್ಕೆ ತಿರುಗಿದ್ದು ಒಂದು ರೂಪ, ಬಲಕ್ಕೆ ತಿರುಗಿದ್ದು ಇನ್ನೊಂದು. ಇದೇ ಹೆಕ್ಸಾಹೆಲಿಸೀನ್. ರಸಾಯನಶಾಸ್ತ್ರಜ್ಞರಾದ ನ್ಯೂಮನ್ ಮತ್ತು ಲೆಡ್ನಿಸರ್ 1956ರಲ್ಲಿ ಇದನ್ನು ಮಾಡಿ ತೋರಿಸಿದ ದಾರಿ ಬಹಳ ಉದ್ದ. ನಾನು ಹಿಡಿದದ್ದು ಬೆಳಕಿನ ದಾರಿ, ಅಂದರೆ ಬೆಳಕು ಬಿಟ್ಟು ಉಂಗುರ ಮುಚ್ಚಿಸುವುದು.

ಕಾರವಾರದಲ್ಲಿ ಜೂನ್ ಬಂತೆಂದರೆ ತೂಕ ಮಾಡುವಷ್ಟರಲ್ಲೇ ಕಾಸ್ಟಿಕ್ ಸೋಡಾ ಬೆವರಿ ಅಂಟಾಗುತ್ತದೆ. ಇಂಥಲ್ಲಿ ತೇವ ತಗುಲಿದರೆ ಕೆಡುವ ಬ್ಯುಟೈಲ್ ಲಿಥಿಯಂ ಹಿಡಿದು ಒದ್ದಾಡುವುದು ಯಾಕೆ? ನೀರಿಗೆ ಹೆದರದ ಹಂತಗಳನ್ನೇ ಆರಿಸಿದೆ. 4-ಬ್ರೋಮೊಬೆಂಜೈಲ್ ಫಾಸ್ಫೋನಿಯಂ ಲವಣ ಮತ್ತು 2-ನ್ಯಾಫ್ತಾಲ್ಡಿಹೈಡನ್ನು ಡೈಕ್ಲೋರೋಮೀಥೇನಿನಲ್ಲಿ ಹಾಕಿ, ಸೋಡಾದ ಗಟ್ಟಿ ದ್ರಾವಣದ ಜೊತೆ ಜೋರಾಗಿ ಕಲಕಿದರೆ ಸಾಕು, ವಿಟ್ಟಿಗ್ ಕ್ರಿಯೆ ಆಗಿ ಎರಡೂ ಜೋಡಿಬಂಧದಿಂದ ಸೇರುತ್ತವೆ. ಸಿಸ್ (ಉಂಗುರಗಳು ಜೋಡಿಬಂಧದ ಒಂದೇ ಬದಿಗೆ), ಟ್ರಾನ್ಸ್ (ಎದುರು ಬದಿಗೆ) ಎರಡೂ ಬರುತ್ತವೆ. ಬೇರೆ ಮಾಡುವ ಗೋಜಿಗೆ ಹೋಗಬೇಡಿ, ಬೆಳಕು ಒಂದನ್ನು ಇನ್ನೊಂದಾಗಿಸುತ್ತದೆ. ಅದಕ್ಕೆ ಬೆಳಕು ಕೊಟ್ಟರೆ ನಾಲ್ಕು ಉಂಗುರದ ಬ್ರೋಮೈಡ್. ಆಮೇಲೆ ಪಲ್ಲಾಡಿಯಂ ಹಾಕಿ ಸ್ಟೈರೀನ್ ಜೊತೆ ಹೆಕ್ ಕ್ರಿಯೆ, ಅಂದರೆ ಬ್ರೋಮಿನ್ ಇದ್ದ ಜಾಗಕ್ಕೆ ಸ್ಟೈರೀನ್ ಜೋಡಿಸುವುದು. ಮತ್ತೆ ಬೆಳಕು, ಆರು ಉಂಗುರ.

ಬೆಳಕಿನ ಹಂತದಲ್ಲೇ ನಿಜವಾದ ಕೆಲಸ ಇರುವುದು. ಉಂಗುರ ಮುಚ್ಚಿದ ಮೇಲೆ, ದ್ರಾವಣಕ್ಕೆ ಹಾಕಿದ ಅಯೋಡಿನ್ ಎರಡು ಹೈಡ್ರೋಜನ್ ಕಿತ್ತುಕೊಳ್ಳುತ್ತದೆ. ಹಾಗೆ ಹುಟ್ಟಿದ ಹೈಡ್ರೋಜನ್ ಅಯೋಡೈಡ್ ಸುಮ್ನೆ ಕೂರುವುದಿಲ್ಲ, ಜೋಡಿಬಂಧಗಳನ್ನು ಹಾಳು ಮಾಡುತ್ತದೆ. ಅದನ್ನು ನುಂಗಲು ಪ್ರೊಪಿಲೀನ್ ಆಕ್ಸೈಡ್ ಹಾಕುವ ಉಪಾಯವನ್ನು ರಸಾಯನಶಾಸ್ತ್ರಜ್ಞ ಕಾಟ್ಜ್ ಅವರ ತಂಡ 1991ರಲ್ಲಿ ಪ್ರಕಟಿಸಿತು. ಆದರೆ ಆ ದ್ರವ ಕುದಿಯುವುದು 34 ಡಿಗ್ರಿಗೆ! ಮೇ ತಿಂಗಳಲ್ಲಿ ನಮ್ಮ ಲ್ಯಾಬಿನ ಸೆಖೆಯೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ವಿಷ ಬೇರೆ. ಬಾಟಲಿ ಫ್ರಿಜ್‌ನಲ್ಲಿ, ಸುರಿಯುವುದು ಫ್ಯೂಮ್ ಹುಡ್ ಒಳಗೆ.

ದ್ರಾವಣ ತೆಳುವಾಗಿರಬೇಕು, ಇಲ್ಲದಿದ್ದರೆ ಅಣುಗಳು ಎರಡೆರಡು ಸೇರಿ ಅಂಟಿಕೊಳ್ಳುತ್ತವೆ. ಒಂದು ಲೀಟರ್ ಟಾಲ್ಯೂಯಿನ್‌ಗೆ ಹೆಕ್‌ನಿಂದ ಬಂದ ವಸ್ತು ಒಂದು ಮಿಲಿಮೋಲ್, ಅಂದರೆ 330 ಮಿಲಿಗ್ರಾಂ ಮಾತ್ರ. ಆರ್ಗಾನ್ ಬಿಟ್ಟು ಗಾಳಿ ಓಡಿಸಿ, ಸುತ್ತ ಅಲ್ಯುಮಿನಿಯಂ ಹಾಳೆ ಸುತ್ತಿ, ಪಾದರಸದ ದೀಪ ಹಚ್ಚಿದೆ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಿಕ್ಕಾಗುವುದಿಲ್ಲ. ಪಂಪು ನಿಂತರೂ ಬಿಸಿ ದೀಪಕ್ಕೆ ನೀರು ಬೇಕೇ ಬೇಕು. ಅದಕ್ಕೆ ತಂಪಿನ ನೀರನ್ನು ಮಾಳಿಗೆಯ ಟ್ಯಾಂಕಿನಿಂದಲೇ ಇಳಿಸಿದ್ದೆ. ಕರೆಂಟ್ ಬಂದರೂ ದೀಪ ತಣ್ಣಗಾಗುವ ತನಕ ಮತ್ತೆ ಹೊತ್ತುವುದಿಲ್ಲ, ಕಾಯಬೇಕು.

ಮುಗಿಯಿತೆಂದು ಗೊತ್ತಾಗುವುದು ಬಣ್ಣದಿಂದ. ಅಯೋಡಿನ್ನಿನ ಕೆಂಪು ನೇರಳೆ ಮಾಸುತ್ತಾ ಬರುತ್ತದೆ. ಆಗ ಟಿಎಲ್‌ಸಿ (ಸಿಲಿಕಾ ಬಳಿದ ತಟ್ಟೆಯ ಮೇಲೆ ವಸ್ತುಗಳನ್ನು ಬೇರ್ಪಡಿಸಿ ನೋಡುವ ಪರೀಕ್ಷೆ) ಹಾಕಿ ನೋಡುವುದು. ಉಳಿದ ಅಯೋಡಿನ್ನನ್ನು ಹೈಪೋದಲ್ಲಿ (ಸೋಡಿಯಂ ಥಯೋಸಲ್ಫೇಟ್ ದ್ರಾವಣ) ತೊಳೆದು, ಸಿಲಿಕಾ ತುಂಬಿದ ಕೊಳವೆಯಲ್ಲಿ ಇಳಿಸಿ ಶುದ್ಧ ಮಾಡುವ ಕಾಲಮ್ ಹಾಕಿದೆ. ಸಿಲಿಕಾ ಈ ಹವೆಯಲ್ಲಿ ನೀರು ಕುಡಿದಿರುತ್ತದೆ, ಓವನ್‌ನಲ್ಲಿ ಒಣಗಿಸಿಕೊಳ್ಳದಿದ್ದರೆ ಕಲೆಗಳು ಬೇಗ ಇಳಿದುಬಿಡುತ್ತವೆ.

ಸಿಕ್ಕಿದ್ದು ಹಳದಿ ಪುಡಿ. ಹೈಡ್ರೋಜನ್‌ಗಳ ಸುತ್ತಮುತ್ತಲನ್ನು ತಿಳಿಸುವ ಎನ್‌ಎಂಆರ್‌ನಲ್ಲಿ ನೋಡಬೇಕಾದದ್ದು 6.6 ಪಿಪಿಎಂ ಹತ್ತಿರದ ಗುರುತು. ತುದಿಯ ಉಂಗುರದ ಒಂದು ಹೈಡ್ರೋಜನ್ ಇನ್ನೊಂದು ತುದಿಯ ನೆರಳಿಗೆ ಬೀಳುವುದರಿಂದ ಅದು ಅಲ್ಲಿಗೆ ಸರಿಯುತ್ತದೆ. ಅದು ಕಂಡರೆ ಸುರುಳಿ ಆಗಿದೆ ಎಂದೇ ಅರ್ಥ.

ಎಡ ಬಲ ಸಮಸಮ ಇರುವುದರಿಂದ, ಧ್ರುವೀಕೃತ ಬೆಳಕು ಎಷ್ಟು ತಿರುಗಿತೆಂದು ಅಳೆಯುವ ಪೋಲಾರಿಮೀಟರ್ ಸೊನ್ನೆ ತೋರಿಸುತ್ತದೆ. ಬೇರೆ ಮಾಡಿದರೆ ಒಂದೊಂದರ ವಿಶಿಷ್ಟ ಆವರ್ತನೆ (ಬೆಳಕನ್ನು ತಿರುಗಿಸುವ ಶಕ್ತಿಯ ಅಳತೆ) 3,600 ಡಿಗ್ರಿಗಿಂತ ಜಾಸ್ತಿ. ಸಕ್ಕರೆಯದು ಬರೀ 66. ಬೇರೆ ಮಾಡಲು ಬೇಕಾದ, ಎಡ ಬಲ ಗುರುತಿಸುವ ಕೈರಲ್ ಕಾಲಮ್ ದುಬಾರಿ, ನಮ್ಮಲ್ಲಿಲ್ಲ. ಸ್ವಲ್ಪ ಪುಡಿಯನ್ನು ಹೊರಗಿನ ಲ್ಯಾಬಿಗೆ ಕಳಿಸಿದೆ. ಆರು ಉಂಗುರದ್ದು ದಾರಿಯಲ್ಲಿ ಎಡದಿಂದ ಬಲಕ್ಕೆ ತಿರುಗಿಬಿಡುವ ಭಯ ಇಲ್ಲ. ಐದರದ್ದಾದರೆ ಕೋಣೆಯ ಶಾಖದಲ್ಲೇ ಎಡ ಬಲವಾಗಿ ಬೆರೆತುಹೋಗುತ್ತದೆ, ಹಾಗಾಗಿ ಅದನ್ನು ಬೇರೆ ಮಾಡಿಸಲು ದುಡ್ಡು ಸುರಿಯಲಿಲ್ಲ.